ಹಾಲಿನ ಪ್ಯಾಕೆಟ್ ತೊಳೆದೇ ಕಸಕ್ಕೆ ಹಾಕ್ಬೇಕಾ?

ಪ್ರಶ್ನೆ: ನಮ್ಮನೇಲಿ ದಿನಾ ಎರಡು ಅರ್ಧ ಲೀಟರ್ ಹಾಲು ತರ್ತೀವಿ. ಖಾಲಿ ಪ್ಯಾಕೆಟ್ ತೊಳೆದು ಒಣಗಿಸಿ ಕೊಡಿ ಅಂತ ಪಕ್ಕದ್ಮನೆಯವ್ರು ಹೇಳ್ತಾನೇ ಇರ್ತಾರೆ. ನೀರಿಗೇ ತತ್ವಾರ ಇರೋ ಬೆಂಗಳೂರಲ್ಲಿ ಕಸ ತೊಳ್ಕೊಂಡು ಕೂರೋದಾ? ಹೆಂಗೂ ಆಟೋದವ್ರು ಎಲ್ಲಾ ಒಂದಕ್ಕೇ ಸುರ್ಕೊಂಡು ಹೋಗ್ತಾರಲ್ವಾ?

ಉತ್ತರ: ತೊಳೀಬೇಕು. ಸೋಪು ಬೇಡ, ನಲ್ಲಿ ಬಿಟ್ಕೊಂಡು ನಿಲ್ಲೋದೂ ಬೇಡ, ಅರ್ಧ ಲೋಟ ನೀರು ಸಾಕು. ನಮ್ಮಮ್ಮ ಹಾಲು ಪಾತ್ರೆಗೆ ಬಗ್ಗಿಸಿದ್ಮೇಲೆ ಪ್ಯಾಕೆಟ್‌ಗೆ ಒಂಚೂರು ನೀರು ಹಾಕಿ, ಬಾಯಿ ಹಿಡ್ಕೊಂಡು ನಾಕು ಸಲ ಅಲ್ಲಾಡಿಸಿ, ಆ ಬಿಳೀ ನೀರನ್ನೂ ಪಾತ್ರೆಗೇ ಸುರಿಯೋರು. ಅವ್ರು ಮಾಡ್ತಿದ್ದಿದ್ದು ಪರಿಸರಕ್ಕಲ್ಲ, ಒಂದು ಹನಿ ಹಾಲೂ ವೇಸ್ಟ್ ಆಗ್ಬಾರ್ದು ಅಂತ, ಆದ್ರೆ ಕೆಲಸ ಮಾತ್ರ ಅದೇ. ಹಾಲು ನೀರಾಗುತ್ತೆ ಅಂತ ನಿಮ್ಮನೇಲಿ ಗಲಾಟೆ ಆಗೋ ಹಾಗಿದ್ರೆ ಅಕ್ಕಿ ತೊಳೆದ ನೀರು ಹೆಂಗೂ ಚೆಲ್ತೀರಲ್ಲ, ಅದ್ರಲ್ಲೇ ಅದ್ದಿ ತೆಗೀರಿ, ಆಮೇಲೆ ಆ ನೀರು ಗಿಡಕ್ಕೆ ಹಾಕಿ. 2024ರ ಬೇಸಿಗೇಲಿ ಕುಡಿಯೋ ನೀರಲ್ಲಿ ಕಾರ್ ತೊಳೆದ್ರೆ 5000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿತ್ತಲ್ಲ, ಆ ಟೈಮಲ್ಲೂ ನಾವು ಹಿಂಗೇ ಮಾಡ್ಕೊಂಡಿದ್ವಿ, ನೀರೇನೂ ಹೆಚ್ಚಿಗೆ ಖರ್ಚಾಗ್ಲಿಲ್ಲ.

ರೂಲ್ಸಲ್ಲಿ ಏನಿದೆ ಅಂತ ಕೇಳ್ಬಹುದು. 2016ರ ಕೇಂದ್ರದ ಘನತ್ಯಾಜ್ಯ ನಿಯಮ ಮನೇಲೇ ಕಸ ಬೇರೆ ಮಾಡಿ ಕೊಡ್ಬೇಕು ಅಂತು. ಬೆಂಗಳೂರಿಗೆ ಅದಕ್ಕೂ ಮುಂಚೆನೇ, 2015ರ ಡಿಸೆಂಬರ್‌ನಲ್ಲಿ, ಹೈಕೋರ್ಟ್ ಆದೇಶ ಬಂದು ಎರಡು ಡಬ್ಬ ಒಂದು ಚೀಲದ ಲೆಕ್ಕ ಕಡ್ಡಾಯ ಆಯ್ತು: ಹಸಿ ಕಸಕ್ಕೆ ಹಸಿರು ಡಬ್ಬ, ಪ್ಯಾಡು ಡೈಪರ್ ಥರದ್ದಕ್ಕೆ ಕೆಂಪು ಡಬ್ಬ, ಒಣ ಕಸಕ್ಕೆ ಚೀಲ. ಆಗ ಹಂಚಿದ ಕರಪತ್ರದಲ್ಲಿ ಪ್ಲಾಸ್ಟಿಕ್ಕಿಗೆ ಊಟತಿಂಡಿ ಮೆತ್ತಿಕೊಂಡಿದ್ರೆ ತೊಳೆದು ಹಾಕಿ ಅಂತ್ಲೇ ಇತ್ತು. ಅಷ್ಟೊತ್ತಿಗೆ ಊರಾಚೆ ಮಾವಳ್ಳಿಪುರದಲ್ಲಿ ಬೆಂಗಳೂರಿನ ಕಸ ಸುರಿಯೋದು ನಿಂತಿತ್ತು, ಇನ್ನೊಂದು ಕಸದ ಗುಡ್ಡೆ ಇದ್ದ ಮಂಡೂರಿನವ್ರು ರಸ್ತೆಗಿಳಿದು 2014ರ ಕೊನೇಲಿ ಅದೂ ಬಂದ್ ಆಗಿತ್ತು, ಬೇರೆ ದಾರಿನೇ ಇರ್ಲಿಲ್ಲ ಅನ್ನಿ. ಈಗ ಬಿಬಿಎಂಪಿ ಹೋಗಿ 2025ರಲ್ಲಿ ಐದು ಪಾಲಿಕೆ ಆಯ್ತು, ಆದ್ರೂ ಹಾಲಿನ ಪ್ಯಾಕೆಟ್ ಆವತ್ತೂ ಒಣ ಕಸ, ಇವತ್ತೂ ಒಣ ಕಸ.

ಆದ್ರೆ ನಾನು ತೊಳೆಯೋದು ರೂಲ್ಸ್‌ಗೆ ಹೆದರ್ಕೊಂಡಲ್ಲ. ಆ ಕವರ್ ನಮ್ಮನೆ ಗೇಟ್ ದಾಟಿದ್ಮೇಲೆ ಎಲ್ಲಿಗೆ ಹೋಗುತ್ತೆ ಅಂತ ಒಂದ್ಸಲ ನೋಡಿದ್ರೆ ನೀವೂ ತೊಳೀತೀರಿ. ಕಸದ ಆಟೋ ಬಂದಾಗ ಪಕ್ಕದಲ್ಲಿ, ಹಿಂದುಗಡೆ ದೊಡ್ಡ ದೊಡ್ಡ ಚೀಲ ನೇತಾಕಿರ್ತಾರೆ, ಗಮನಿಸಿ. ಅದು ಸುಮ್ನೆ ಅಲ್ಲ. ಮಾರಿದ್ರೆ ನಾಕು ಕಾಸು ಬರೋ ಮಾಲು, ಅಂದ್ರೆ ಬಾಟ್ಲು, ರಟ್ಟು, ಹಾಲಿನ ಕವರ್, ಅಲ್ಲಿಗೆ ಹೋಗುತ್ತೆ. ಸೋ "ಎಲ್ಲಾ ಒಂದಕ್ಕೇ ಸುರೀತಾರೆ" ಅನ್ನೋ ನಿಮ್ಮ ಕಂಪ್ಲೇಂಟ್ ಪೂರ್ತಿ ಸುಳ್ಳೂ ಅಲ್ಲ, ಪೂರ್ತಿ ನಿಜಾನೂ ಅಲ್ಲ. ಕೊಳೆ ಆಗಿರೋದು, ಬೆರೆತಿರೋದು ಒಂದಕ್ಕೇ ಹೋಗುತ್ತೆ ನಿಜ, ನಾನೇ ಕಣ್ಣಾರೆ ನೋಡಿ ಜಗಳನೂ ಆಡಿದೀನಿ. ಕ್ಲೀನಾಗಿರೋ ಹಾಲಿನ ಕವರ್‌ನ ಮಾತ್ರ ಯಾರೂ ಎಸೆಯಲ್ಲ, ಯಾಕಂದ್ರೆ ಅದು ದುಡ್ಡು.

ಇನ್ನು ಕೆಲವು ವಾರ್ಡಲ್ಲಿ ಒಣ ಕಸ ಸಂಗ್ರಹ ಕೇಂದ್ರ ಅಂತ ಇದೆ, ಎಷ್ಟೋ ಕಡೆ ಅದನ್ನ ನಡೆಸೋರು ಮುಂಚೆ ಬೀದೀಲಿ ಚಿಂದಿ ಆಯ್ತಿದ್ದವ್ರೇ, ಹಸಿರು ದಳದಂಥ ಸಂಸ್ಥೆಗಳು ಅವ್ರ ಬೆನ್ನಿಗಿವೆ. ಅಲ್ಲಿ ಹೆಂಗಸ್ರು ನೆಲದ ಮೇಲೆ ಕೂತ್ಕೊಂಡು ರಾಶಿನ ಕೈಯಲ್ಲೇ ಬಿಡಿಸ್ತಾರೆ. ನಮಗೆ ಎಲ್ಲಾ ಬರೀ ಪ್ಲಾಸ್ಟಿಕ್, ಅವ್ರಿಗೆ ನೀರಿನ ಬಾಟ್ಲಿನ ಪೆಟ್ ಬೇರೆ, ಮೆತ್ತನೆ ಕವರ್‌ನ ಎಲ್‌ಡಿ ಬೇರೆ, ಸರಸರ ಅನ್ನೋ ತೆಳು ಕವರ್‌ನ ಎಚ್‌ಎಂ ಬೇರೆ, ಮುರಿದ್ರೆ ಟಕ್ ಅನ್ನೋ ಕಡಕ್ ಬೇರೆ. ಹಾಲಿನ ಕವರ್‌ಗೆ ಅದರದ್ದೇ ಗುಡ್ಡೆ. ಚಿಪ್ಸ್ ಪ್ಯಾಕೆಟ್‌ದು ಒಳಗೆ ಮಿಣಮಿಣ ಅನ್ನುತ್ತಲ್ಲ, ಎರಡ್ಮೂರು ಥರದ ಪದರ ಅಂಟಿಸಿರ್ತಾರೆ, ಕೊಳ್ಳೋರಿಲ್ಲ, ಅದೃಷ್ಟ ಇದ್ರೆ ಸಿಮೆಂಟ್ ಫ್ಯಾಕ್ಟರಿಗೆ ಉರಿಯೋಕೆ ಹೋಗುತ್ತೆ. ಹಾಲಿನ ಕವರ್ ಹಂಗಲ್ಲ, ಪೂರ್ತಿ ಪಾಲಿಥೀನ್, ಅದಕ್ಕೇ ಗಿರಾಕಿ ಇದಾರೆ. ನಾಯಂಡಹಳ್ಳಿ ಕಡೆ ಇರೋ ಥರದ ಸಣ್ಣ ಸಣ್ಣ ಯೂನಿಟ್‌ಗಳಲ್ಲಿ ತೊಳೆದು, ಚೂರು ಮಾಡಿ, ಕರಗಿಸಿ ಕಾಳಿನ ಥರದ ದಾಣ ಮಾಡ್ತಾರೆ, ಅದ್ರಿಂದ ಪೈಪು, ಕಸದ ಚೀಲ, ಏನೇನೋ ಆಗುತ್ತೆ.

ಈಗ ತೂಕದ ಲೆಕ್ಕ ಹೇಳ್ತೀನಿ. ಅರ್ಧ ಲೀಟರ್‌ದು ಒಣಗಿದ ಹತ್ತು ಕವರ್‌ನ ಅಡುಗೆಮನೆ ತಕ್ಕಡಿ ಮೇಲಿಟ್ಟೆ, 25 ಗ್ರಾಂ ಹತ್ರ ಬಂತು. ಅಂದ್ರೆ ಒಂದು ಕೆಜಿ ಆಗ್ಬೇಕಂದ್ರೆ ಹೆಚ್ಚುಕಮ್ಮಿ 400 ಕವರ್ ಬೇಕು, ನಿಮ್ಮನೆ ಲೆಕ್ಕದಲ್ಲಿ ಆರೂವರೆ ತಿಂಗಳ ಹಾಲು. ತೊಳೀದೇ ಇರೋ ಕವರ್ ಒಳಗೆ ಮೂಲೆ ಮೂಲೇಲಿ ನಿಂತಿರೋ ಹಾಲೂ ತೂಕಕ್ಕೆ ಸೇರುತ್ತೆ, ಕೊಳ್ಳೋನು ಹಾಲಿಗೆ ಯಾಕೆ ದುಡ್ಡು ಕೊಡ್ತಾನೆ? ತೂಕದಲ್ಲಿ ಕಳೀತಾನೆ, ಇಲ್ಲಾ ಬೇಡ ಅಂತಾನೆ. ಅದೂ ಅಲ್ದೆ ಎರಡನೇ ದಿನಕ್ಕೆ ಅದು ಹುಳಿ ನಾತ, ಮೂರನೇ ದಿನಕ್ಕೆ ಹುಳ, ಜೊತೇಲಿರೋ ನ್ಯೂಸ್‌ಪೇಪರ್ ಎಲ್ಲಾ ಒದ್ದೆಯಾಗಿ ಅದರ ರೇಟೂ ಹೋಗುತ್ತೆ. ಅದನ್ನ ಬರಿಗೈಯಲ್ಲಿ ಬಿಡಿಸೋರು ಯಾರು ಹೇಳಿ.

ಹಳೇ ಪೇಪರ್ ಅಂಗಡಿಗೆ ಹಾಲಿನ ಕವರ್ ಕಟ್ಟು ಕಟ್ಟಿ ಹಾಕ್ತಿದ್ದ ಕಾಲ ನೆನಪಿದ್ಯಾ? ಆಗೆಲ್ಲಾ ಯಾರೂ ತೊಳೀಬೇಕಾ ಅಂತ ಕೇಳ್ತಾನೇ ಇರ್ಲಿಲ್ಲ. ವಾಸನೆ ಬಂದ್ರೆ ಅಂಗಡಿಯವ್ನು ತಗೋತಿರ್ಲಿಲ್ಲ ಅಷ್ಟೆ. ಈಗ ಪುಕ್ಕಟೆ ಕೊಡ್ತೀವಲ್ಲ, ಅದಕ್ಕೇ ಈ ಪ್ರಶ್ನೆ ಅಂತ ನನಗೊಂದು ಡೌಟು.

ಒಣಗಿಸೋದು ಸುಲಭ. ಒದ್ದೆ ಕವರ್‌ನ ಸಿಂಕ್ ಪಕ್ಕದ ಟೈಲ್ಸ್‌ಗೆ ಪಟ್ ಅಂತ ಅಂಟಿಸಿ, ಅಂಟ್ಕೊಂಡೇ ಇರುತ್ತೆ, ಒಣಗಿದ್ಮೇಲೆ ತಾನಾಗೇ ಉದುರುತ್ತೆ. ಕಿಟಕಿ ಸರಳಿಗೆ ಕ್ಲಿಪ್ ಹಾಕಿದ್ರೂ ನಡೆಯುತ್ತೆ. ಪೂರ್ತಿ ಒಣಗೋವರೆಗೂ ಮಡಚಬೇಡಿ, ಒಂದರೊಳಗೊಂದು ತುರುಕಬೇಡಿ, ಒಳಗೆ ತೇವ ನಿಲ್ಲುತ್ತೆ.

ಮೂಲೆ ವಿಷಯ ಹೇಳ್ಲೇಬೇಕು. ಪ್ಯಾಕೆಟ್ ಕತ್ತರಿಸುವಾಗ ಮೂಲೆ ಪೂರ್ತಿ ಕತ್ತರಿಸಿ ಬಿಸಾಕ್ತೀವಲ್ಲ, ಉಗುರಿನಷ್ಟು ತ್ರಿಕೋನ, ಅದನ್ನ ಯಾವ ಕೇಂದ್ರದಲ್ಲೂ ಯಾರೂ ಆರಿಸೋಕಾಗಲ್ಲ. ನಮ್ಮ ಟೆರೇಸ್ ಮೇಲಿನ ಕಾಂಪೋಸ್ಟ್ ಡಬ್ಬ ಮೂರು ತಿಂಗಳಾದ್ಮೇಲೆ ತೆಗೆದು ಜರಡಿ ಹಿಡಿದ್ರೆ ಬಾಳೆಹಣ್ಣಿನ ಸಿಪ್ಪೆ, ಕಾಫಿ ಚರಟ ಎಲ್ಲಾ ಕರೀ ಮಣ್ಣಾಗಿತ್ತು, ನೀಲಿ ಮೂಲೆಗಳು ಮಾತ್ರ ಹೊಸದರ ಹಾಗೆ ಲಕಲಕ ಅಂತ ಇದ್ವು, ಎಣಿಸಿದ್ರೆ ಅರವತ್ಮೂರು. ಆವತ್ತಿಂದ ಅರ್ಧ ಕತ್ತರಿಸಿ ಮೂಲೆ ಕವರ್‌ಗೇ ನೇತಾಡೋಕೆ ಬಿಡೋದು ರೂಢಿ ಮಾಡ್ಕೊಂಡಿದೀವಿ. ಯಜಮಾನ್ರು ಇನ್ನೂ ಮರೀತಾರೆ, ಅದು ಬೇರೆ ಮಾತು.

ಇದರ ಜೊತೆಗೆ ಇನ್ನೊಂದು: ಹಸಿ ಕಸದ ಡಬ್ಬಕ್ಕೆ ಪ್ಲಾಸ್ಟಿಕ್ ಕವರ್ ಹಾಕ್ಬೇಡಿ, ಕಸನ ಕವರಲ್ಲಿ ಗಂಟು ಕಟ್ಟಿನೂ ಕೊಡ್ಬೇಡಿ. ತಳಕ್ಕೆ ನ್ಯೂಸ್‌ಪೇಪರ್ ಹಾಕಿದ್ರೆ ಸಾಕು, ಡಬ್ಬ ದಿನಾ ತೊಳೆಯೋ ಕಷ್ಟನೂ ಕಮ್ಮಿ. ಒಡೆದ ಗಾಜು ಇದ್ರೆ ದಪ್ಪ ಪೇಪರಲ್ಲಿ ಸುತ್ತಿ, ಆಟೋದ ಅಣ್ಣನ ಕೈಗೇ ಕೊಟ್ಟು "ಗಾಜಿದೆ ಅಣ್ಣ, ಹುಷಾರು" ಅಂತ ಹೇಳಿ. ಪ್ಯಾಡು, ಡೈಪರ್‌ನ ಪೇಪರಲ್ಲಿ ಸುತ್ತಿ ಮೇಲೆ ಕೆಂಪು ಗುರುತು ಹಾಕಿ, ಇಲ್ಲಾಂದ್ರೆ ಅದನ್ನ ಬಿಚ್ಚಿ ನೋಡೋ ಗತಿ ಬರುತ್ತೆ ಅವ್ರಿಗೆ.

ಮೊಸರು, ಮಜ್ಜಿಗೆ ಪ್ಯಾಕೆಟ್‌ಗೂ ಹಾಲಿನ ಲೆಕ್ಕನೇ, ಸ್ವಲ್ಪ ಜಾಸ್ತಿ ಅಲ್ಲಾಡಿಸ್ಬೇಕು ಅಷ್ಟೆ. ತಲೆನೋವು ಇರೋದು ಅಡುಗೆ ಎಣ್ಣೆ ಪ್ಯಾಕೆಟ್‌ದು, ನೀರಿಗೆ ಬಗ್ಗಲ್ಲ. ಅದಕ್ಕೆ ನಮ್ಮನೇಲಿ ಚಪಾತಿ ಮಾಡೋ ದಿನದವರೆಗೂ ಕಾಯ್ತೀವಿ: ಪ್ಯಾಕೆಟ್‌ನ ಒಂದು ಪಕ್ಕ ಪೂರ್ತಿ ಸೀಳಿ ಅಗಲ ಮಾಡಿ, ಕಲಸಿದ ಹಿಟ್ಟಿನುಂಡೆಯಿಂದ ಒಳಗೆಲ್ಲಾ ಒತ್ತಿ ಒರೆಸಿದ್ರೆ ಎಣ್ಣೆ ಹಿಟ್ಟಿಗೆ, ಕವರ್ ಚೀಲಕ್ಕೆ.