ತಂತಿ ಕೇಳಿಸ್ತಿದೆ, ಬುರುಡೆ ಎಲ್ಲಿ?

ಹಿಂದಿನ ಸಾಲಿನಲ್ಲಿ ಕೂತಿದ್ದ ಹಿರಿಯರೊಬ್ಬರು ಕೈ ಎತ್ತಿದರು. ಬಹಳ ವರ್ಷಗಳಿಂದ ವೀಣೆ ನುಡಿಸುತ್ತಿರುವವರು. 'ತಂಬೂರಿಯ ತಂತಿ ಚೆನ್ನಾಗಿ ಕೇಳಿಸ್ತಿದೆ. ಅದರ ಬುರುಡೆ ಕೇಳಿಸ್ತಿಲ್ಲ' ಎಂದರು. ಬುರುಡೆ ಅಂದರೆ ತಂತಿಯ ನಾದ ತುಂಬಿಕೊಳ್ಳುವ ಕೆಳಗಿನ ದುಂಡು ಭಾಗ. ಮುಂದಿನ ಸಾಲಿನವರು ತಿರುಗಿ ನೋಡಿದರು. ಅವರಿಗೆ ಅದೇ ಮಂದ್ರ ಷಡ್ಜ ಗುಂಯ್ ಅಂತ ಕಿವಿ ತುಂಬುತ್ತಿತ್ತು. ಮೃದಂಗದ ಎಡಗೈ ಪೆಟ್ಟು ಒಂದಕ್ಕೊಂದು ಅಂಟಿಕೊಂಡ ಹಾಗೆ ಬರುತ್ತಿತ್ತು. ಒಂದೇ ಹಾಲ್, ಒಂದೇ ಗಾಯನ ಕಚೇರಿಯ ಸಿಡಿ. ಇಬ್ಬರು ಹೇಳಿದ್ದೂ ನಿಜ.

ಜಯನಗರದ ಒಂದು ಹಳೇ ಮನೆಯ ಹಾಲ್ ಅದು. ಕೆಂಪು ರೆಡ್‌ಆಕ್ಸೈಡ್ ನೆಲ, ಮೇಲೆ ಆರ್‌ಸಿಸಿ, 17 ಅಡಿ ಉದ್ದ, 12 ಅಡಿ ಅಗಲ. ನಮ್ಮ ಆಡಿಯೊ ಕ್ಲಬ್‌ನವರು ಭಾನುವಾರ ಬೆಳಿಗ್ಗೆ ಅಲ್ಲಿ ಸೇರುತ್ತಾರೆ. ಈ ಸಲ ಡೆಮೊ ಮಾಡುವ ಸರದಿ ನನ್ನದು. ಅಂಪ್ಲಿಫೈಯರ್ ರಿಪೇರಿ ಮಾಡುವುದು, ಜನರ ಮನೆಗೆ ಹೋಗಿ ಸ್ಪೀಕರ್ ಕೂರಿಸಿ ಕೊಡುವುದು ನನ್ನ ಕೆಲಸ. ನಾನು ಒಯ್ದದ್ದು ಒಂದು ಸಿಡಿ ಪ್ಲೇಯರ್, 50 ವ್ಯಾಟ್‌ನ ಒಂದು ಅಂಪ್ಲಿಫೈಯರ್, ಸ್ಟ್ಯಾಂಡ್ ಮೇಲೆ ಎರಡು ಸಣ್ಣ ಸ್ಪೀಕರ್. ಬೆಲೆ ಕಮ್ಮಿಯೇನಲ್ಲ, ಆದರೆ ಪೆಟ್ಟಿಗೆಗಳು ಕಮ್ಮಿ. 'ಇಷ್ಟೇನಾ?' ಎಂದು ಹೊಸ ಸದಸ್ಯರೊಬ್ಬರು ಕೇಳಿದರು. ಇಷ್ಟೇ. 1931ರಲ್ಲಿ ಬ್ರಿಟನ್ನಿನ ರೆಕಾರ್ಡಿಂಗ್ ಕಂಪನಿ ಇಎಂಐನ ಇಂಜಿನಿಯರ್ ಅಲನ್ ಬ್ಲಮ್‌ಲೈನ್ ಸ್ಟೀರಿಯೊಗೆ ಪೇಟೆಂಟ್ ಅರ್ಜಿ ಹಾಕಿದಾಗಲೂ ಮೂಲ ವಿಚಾರ ಇದೇ ಆಗಿತ್ತು: ಎರಡು ಸ್ಪೀಕರ್ ಸರಿಯಾಗಿ ಕೆಲಸ ಮಾಡಿದರೆ ಅವುಗಳ ನಡುವಿನ ಖಾಲಿ ಜಾಗದಲ್ಲಿ ಹಾಡುವವರು ಬಂದು ಕೂರುತ್ತಾರೆ.

50 ವ್ಯಾಟ್ ಸಾಕಾ ಎಂಬ ಪ್ರಶ್ನೆ ಪ್ರತಿ ಸಲ ಬರುತ್ತದೆ. 50ರ ಬದಲು 100 ವ್ಯಾಟ್ ಹಾಕಿದರೆ ಸಿಗುವುದು ಬರೀ 3 ಡೆಸಿಬೆಲ್. ಕಿವಿಗೆ ಎರಡು ಪಟ್ಟು ಜೋರು ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್ ಬೇಕು. ಅದಕ್ಕೆ ಹತ್ತು ಪಟ್ಟು ವ್ಯಾಟ್ ಬೇಕು. ಹಾಲ್ ಗಾತ್ರದ ಕೋಣೆಯಲ್ಲಿ ಗಾಯನ ಕೇಳಲು 50 ಧಾರಾಳ.

ಬುರುಡೆ ವಿಷಯಕ್ಕೆ ಬರುತ್ತೇನೆ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. 17 ಅಡಿ ಅಂದರೆ 5.18 ಮೀಟರ್. ಎದುರುಬದುರು ಗೋಡೆಗಳ ನಡುವೆ ಅಷ್ಟು ಜಾಗ ಇದ್ದರೆ 33 ಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 33 ಕಂಪನದಲ್ಲಿ, ಒಂದು ಅನುರಣನ, ಅದರ ಎರಡು ಪಟ್ಟಿಗೆ, ಅಂದರೆ 66 ಹರ್ಟ್ಸ್‌ನಲ್ಲಿ, ಇನ್ನೊಂದು. ಈಗ ತಂಬೂರಿ ನೋಡಿ. ಗಾಯಕರದು ಸಿ ಶ್ರುತಿ. ನಾಲ್ಕನೇ ತಂತಿಯ ಮಂದ್ರ ಷಡ್ಜ ಸುಮಾರು 65 ಹರ್ಟ್ಸ್. ಕೋಣೆಯ ಶ್ರುತಿ, ತಂಬೂರಿಯ ಶ್ರುತಿ ಹೆಚ್ಚು ಕಡಿಮೆ ಒಂದೇ ಆಗಿಬಿಟ್ಟಿತ್ತು.

ಈ 66 ಹರ್ಟ್ಸ್ ಕೋಣೆ ತುಂಬ ಒಂದೇ ಸಮನೆ ಹರಡುವುದಿಲ್ಲ. ಎರಡು ಗೋಡೆಗಳ ಹತ್ತಿರ ಮತ್ತು ನಟ್ಟನಡುವೆ ಅದು ಉಬ್ಬುತ್ತದೆ. ಉದ್ದದ ಕಾಲು ಭಾಗದಲ್ಲಿ, ಮುಕ್ಕಾಲು ಭಾಗದಲ್ಲಿ ಸತ್ತುಹೋಗುತ್ತದೆ. ಮುಂದಿನ ಸಾಲು ಹಾಲ್‌ನ ಸರಿ ಮಧ್ಯದಲ್ಲಿತ್ತು. ವೀಣೆಯ ಹಿರಿಯರ ಕುರ್ಚಿ ಹಿಂದಿನ ಗೋಡೆಯಿಂದ ನಾಲ್ಕು ಅಡಿ ದೂರದಲ್ಲಿತ್ತು. ಅಂದರೆ ಸತ್ತ ಜಾಗದಲ್ಲೇ. ಸ್ವರ ಪೂರ್ತಿ ಮಾಯವಾಗಿರಲಿಲ್ಲ, ಏಕೆಂದರೆ ಅದರ ಜೊತೆಗೇ ಹುಟ್ಟುವ ಮೇಲಿನ ಅನುಸ್ವರಗಳು ಇದ್ದರೆ ಕಿವಿ ಷಡ್ಜವನ್ನು ತಾನೇ ಕಟ್ಟಿಕೊಳ್ಳುತ್ತದೆ. ಹೋಗಿದ್ದು ಅದರ ಒಡಲು. 'ತಂತಿ ಇದೆ, ಬುರುಡೆ ಇಲ್ಲ' ಅನ್ನುವುದಕ್ಕಿಂತ ಕರಾರುವಾಕ್ಕಾದ ಮಾತು ನಾನು ಯಾವ ಇಂಜಿನಿಯರ್ ಬಾಯಲ್ಲೂ ಕೇಳಿಲ್ಲ.

ಇಂಥ ಹೊತ್ತಿನಲ್ಲಿ ಎಲ್ಲರೂ ಕೇಬಲ್ ಕಡೆ ಕೈ ಹಾಕುತ್ತಾರೆ. ದಯವಿಟ್ಟು ಬೇಡ. ಮೊದಲು ಅಳತೆ ಟೇಪ್ ಹಿಡಿಯಿರಿ. ನನ್ನ ಸ್ಪೀಕರ್‌ಗಳು ಎದುರು ಗೋಡೆಯಿಂದ ಒಂದೂವರೆ ಅಡಿ ಮುಂದಿದ್ದವು. ಅವನ್ನು ನಾಲ್ಕೂಕಾಲು ಅಡಿಗೆ, ಅಂದರೆ ಉದ್ದದ ಸರಿಯಾಗಿ ಕಾಲು ಭಾಗಕ್ಕೆ, ಎಳೆದೆವು. ಕೇಳುವವರಿಗೆ ಸತ್ತ ಜಾಗ ಯಾವುದೋ, ಸ್ಪೀಕರ್‌ಗೂ ಅದೇ ಸತ್ತ ಜಾಗ. ಅಲ್ಲಿ ನಿಂತು ಅದು ಆ ಅನುರಣನವನ್ನು ಎಬ್ಬಿಸಲಾರದು. ಕುರ್ಚಿಗಳನ್ನೆಲ್ಲ ಎರಡು ಅಡಿ ಹಿಂದಕ್ಕೆ ಸರಿಸಿದೆವು. ಸ್ಪೀಕರ್‌ಗಳ ನಡುವೆ ಆರು ಅಡಿ, ಮುಂದಿನ ಸಾಲಿಗೂ ಹೆಚ್ಚು ಕಡಿಮೆ ಅಷ್ಟೇ. ಮೇಲಿನ ಟ್ವೀಟರ್, ಅಂದರೆ ತಾರ ಸ್ವರ ನುಡಿಸುವ ಸಣ್ಣ ಭಾಗ, ಕೂತವರ ಕಿವಿಯ ಎತ್ತರಕ್ಕೆ.

ಕ್ಲಬ್ ಡೆಮೊ ಅಂದರೆ ಒಬ್ಬರೇ ನಡುವೆ ಕೂತು ಕೇಳುವುದಲ್ಲ. ಹನ್ನೆರಡು ಜನ ಇದ್ದರು. ಎಡಗಡೆ ಕೂತವರಿಗೆ ಎಡ ಸ್ಪೀಕರ್‌ನ ಶಬ್ದ ಮೊದಲು ತಲುಪುತ್ತದೆ, ಇಡೀ ಕಚೇರಿ ಆ ಕಡೆ ವಾಲುತ್ತದೆ. ಇದಕ್ಕೆ ಒಂದು ಉಪಾಯ ಇದೆ. ಎರಡೂ ಸ್ಪೀಕರ್‌ಗಳನ್ನು ಒಳಕ್ಕೆ ಸ್ವಲ್ಪ ಜಾಸ್ತಿಯೇ ತಿರುಗಿಸಿ. ಅವುಗಳ ನೋಟ ಮುಂದಿನ ಸಾಲಿಗಿಂತ ಮೊದಲೇ ಒಂದನ್ನೊಂದು ದಾಟಬೇಕು. ಆಗ ಎಡಗಡೆಯವರಿಗೆ ದೂರದ ಬಲ ಸ್ಪೀಕರ್ ನೇರ ಎದುರಾಗುತ್ತದೆ, ಹತ್ತಿರದ್ದು ಓರೆಯಾಗಿ ತುಸು ಮೆತ್ತಗಾಗುತ್ತದೆ. ತಡವಾಗಿ ಬಂದರೂ ಜೋರಾಗಿ ಬರುತ್ತದೆ, ಹಾಗಾಗಿ ಗಾಯಕರು ಪೂರ್ತಿ ಅಲ್ಲದಿದ್ದರೂ ಮಧ್ಯಕ್ಕೆ ವಾಪಸ್ ಬರುತ್ತಾರೆ.

ನೆಲಕ್ಕೆ ಮನೆಯವರ ಜಮಖಾನೆ ಹಾಸಿದೆವು. ಫ್ಯಾನ್ ಆರಿಸಿದೆವು. ಬೆಂಗಳೂರಿನ ಬೆಳಗಿನ ತಂಪಿನಲ್ಲಿ ಒಂದು ಗಂಟೆ ಫ್ಯಾನ್ ಇಲ್ಲದೆ ಕೂರಬಹುದು, ಅಲ್ವಾ? ತಂಬೂರಿಯ ಜೀವಾಳದ, ಅಂದರೆ ತಂತಿಯ ಕೆಳಗೆ ಸಿಕ್ಕಿಸುವ ದಾರದ, ಸಣ್ಣ ಝೇಂಕಾರ ಫ್ಯಾನ್ ಗಾಳಿಯಲ್ಲಿ ಮೊದಲು ಮುಳುಗುತ್ತದೆ.

ಇನ್ನೊಂದು ವಿಷಯ, ಮರೆಯಬಾರದ್ದು. ಹಿಂದೆ ಒಂದು ಡೆಮೊದಲ್ಲಿ ಆತುರದಲ್ಲಿ ಒಂದು ಸ್ಪೀಕರ್‌ಗೆ ಪ್ಲಸ್ ಮೈನಸ್ ಅದಲುಬದಲು ಮಾಡಿಬಿಟ್ಟಿದ್ದೆ. ಶಬ್ದ ವಿಶಾಲವಾಗಿದೆ ಎಂದು ಕೆಲವರು ಮೆಚ್ಚಿಕೊಂಡರು ಕೂಡ. ಬಾಸ್ ಸೋರಿಹೋಗಿತ್ತು, ಹಾಡುವವರು ಎಲ್ಲೂ ಕೂತಿರಲಿಲ್ಲ. ಅಂದಿನಿಂದ ಡೆಮೊ ಶುರು ಮಾಡುವ ಮೊದಲು ಎರಡೂ ಸ್ಪೀಕರ್‌ಗೆ ಒಂದೇ ಶಬ್ದ ಹೋಗುವ ಒಂದು ಹಳೇ ಮೊನೊ ರೆಕಾರ್ಡಿಂಗ್ ಹಾಕುತ್ತೇನೆ. ಕಂಠ ಎರಡು ಸ್ಪೀಕರ್‌ಗಳ ಸರಿ ನಡುವೆ ಒಂದೇ ಬಿಂದುವಿನಲ್ಲಿ ನಿಲ್ಲಬೇಕು. ನಿಲ್ಲದಿದ್ದರೆ ಮುಂದೆ ಹೋಗುವುದೇ ಇಲ್ಲ.

ಮಧ್ಯದಲ್ಲಿ ಒಬ್ಬರು ತಮ್ಮ ಅಂಪ್ಲಿಫೈಯರ್ ತಂದಿದ್ದರು, ಹೋಲಿಸಿ ನೋಡೋಣ ಎಂದರು. ಹಾಗೇ ಸುಮ್ನೆ ಬದಲಾಯಿಸಿ ಕೇಳಿದರೆ ಅದು ಹೋಲಿಕೆಯಲ್ಲ. ತುಸು ಜೋರಾಗಿರುವುದು ಗೆಲ್ಲುತ್ತದೆ, ಜೋರು ಅಂತ ಗೊತ್ತಾಗದೇ ಗೆಲ್ಲುತ್ತದೆ. 100 ಹರ್ಟ್ಸ್‌ನ ಟೋನ್ ಹಾಕಿ ಸ್ಪೀಕರ್ ಟರ್ಮಿನಲ್‌ಗಳಲ್ಲಿ ಮಲ್ಟಿಮೀಟರ್ ಹಿಡಿದೆ. ಅಗ್ಗದ ಮೀಟರ್‌ಗಳು ಮೇಲಿನ ಕಂಪನಾಂಕಗಳಲ್ಲಿ ತಪ್ಪು ತೋರಿಸುತ್ತವೆ, ಅದಕ್ಕೇ 100. ನನ್ನದರಲ್ಲಿ 2.83 ವೋಲ್ಟ್ ಇತ್ತು, ಅವರದರಲ್ಲಿ 3. ಅಷ್ಟಕ್ಕೇ ಅರ್ಧ ಡೆಸಿಬೆಲ್ ವ್ಯತ್ಯಾಸ. ಎರಡನ್ನೂ 2.83ಕ್ಕೆ ತಂದು, ಪೆಟ್ಟಿಗೆಗಳ ಮೇಲೆ ಬಟ್ಟೆ ಮುಚ್ಚಿ, ಯಾವುದು ಯಾವುದು ಎಂದು ಹೇಳದೆ ಕೇಳಿಸಿದೆ. ಅಭಿಪ್ರಾಯ ಮೂರು ಭಾಗ ಆಯಿತು. ಸ್ಪೀಕರ್ ಸುಮಾರು ಮೂರು ಅಡಿ ಸರಿಸಿದಾಗ ಮಾತ್ರ ಹನ್ನೆರಡು ಜನಕ್ಕೂ ವ್ಯತ್ಯಾಸ ತಿಳಿದಿತ್ತು.

ಚಾಮರಾಜಪೇಟೆಯ ರಾಮನವಮಿ ಪೆಂಡಾಲ್‌ನಲ್ಲಿ ಕಚೇರಿ ಕೇಳಿ ಬೆಳೆದವರು ನಮ್ಮಲ್ಲಿ ಬಹಳ ಜನ. ನಾನೂ ಅವರಲ್ಲೊಬ್ಬ. ಅಲ್ಲಿ ಕೇಳಿದ್ದು ಮೈಕಿನ ಸದ್ದು. ಅದರ ಮೇಲೆ ನನಗೆ ಬಹಳ ಪ್ರೀತಿ, ಆದರೆ ಅದು ಅಳತೆಗೋಲಲ್ಲ. ಮನೆಯಲ್ಲಿ ಎದುರು ಕೂತು ತಂಬೂರಿ ಮೀಟಿಸಿ ಕೇಳಿದವರ ಕಿವಿಯನ್ನು ನಾನು ಹೆಚ್ಚು ನಂಬುತ್ತೇನೆ. ಜಾಗ ಬದಲಾದ ಮೇಲೆ ಅದೇ ಸಿಡಿ ಮತ್ತೆ ಹಾಕಿದಾಗ ಆ ಹಿರಿಯರು ಏನೂ ಹೇಳಲಿಲ್ಲ. ಕಣ್ಣು ಮುಚ್ಚಿ ತೊಡೆಯ ಮೇಲೆ ತಾಳ ಹಾಕತೊಡಗಿದರು.

ಹೊರಡುವ ಮುಂಚೆ ಸ್ಟ್ಯಾಂಡ್‌ಗಳ ಮೂಲೆಗೆ, ಕುರ್ಚಿಗಳ ಕಾಲಿಗೆ ನೆಲದ ಮೇಲೆ ಟೇಪ್ ಅಂಟಿಸಿ ಬಂದಿದ್ದೇನೆ. ಮುಂದಿನ ತಿಂಗಳು ಇನ್ನೊಬ್ಬರು ತಮ್ಮ ವಾಲ್ವ್ ಅಂಪ್ಲಿಫೈಯರ್ ತರುತ್ತಾರೆ. ಆ ಗುರುತಿನಿಂದಲೇ ಶುರು ಮಾಡಿ ಎಂದಿದ್ದೇನೆ. ಮಲ್ಟಿಮೀಟರ್ ನಾನು ತೆಗೆದುಕೊಂಡು ಹೋಗುತ್ತೇನೆ.