ಪೀಡೆಯ ಪಟ್ಟಿ: ಯಾವ ಪ್ರಾಣಿಯನ್ನು ಕೊಲ್ಲಬಹುದೆಂದು ಸರ್ಕಾರ ಹೇಗೆ ತೀರ್ಮಾನಿಸುತ್ತದೆ?

ಒಂದು ರಾಜ್ಯ ನೀಲಗಾಯ್ ಎಂಬ ದೊಡ್ಡ ಜಾತಿಯ ಹುಲ್ಲೆಯನ್ನು ಕೊಲ್ಲಲು ಅನುಮತಿ ಕೇಳುತ್ತದೆ, ಕೇಂದ್ರ ಒಪ್ಪುತ್ತದೆ. ಇನ್ನೊಂದು ರಾಜ್ಯ ಕಾಡುಹಂದಿ ಕೊಲ್ಲಲು ವರ್ಷಗಟ್ಟಲೆ ಅರ್ಜಿ ಹಾಕುತ್ತದೆ, ಕೇಂದ್ರ ಒಪ್ಪುವುದಿಲ್ಲ. ನಡುವೆ ಪ್ರಾಣಿದಯಾ ಸಂಘಗಳು ನ್ಯಾಯಾಲಯಕ್ಕೆ ಹೋಗುತ್ತವೆ, ರೈತರು ತಾಲ್ಲೂಕು ಕಚೇರಿಯ ಮುಂದೆ ಧರಣಿ ಕೂರುತ್ತಾರೆ. ಯಾರು ಯಾವ ಪ್ರಾಣಿಯನ್ನು ಯಾವ ಕಾನೂನಿನ ಅಡಿ ಕೊಲ್ಲಬಹುದು ಎನ್ನುವುದು ಪತ್ರಿಕೆಯನ್ನು ದಿನವೂ ಓದುವವರಿಗೂ ಈಗ ಗೋಜಲು.

ಗೋಜಲಿನ ತುದಿ ಒಂದು ಪದದಲ್ಲಿದೆ: ವರ್ಮಿನ್. ಪತ್ರಿಕೆಗಳು ಇದನ್ನು ‘ಉಪದ್ರವಕಾರಿ ಪ್ರಾಣಿ’ ಎಂದು ಬರೆಯುತ್ತವೆ. ‘ಪೀಡೆ’ ಅಂದರೆ ಇನ್ನಷ್ಟು ಹತ್ತಿರ. ಆದರೆ ಪೀಡೆ ತೊಲಗಲಿ ಎಂದು ನಾವು ಹಾರೈಸುವುದಕ್ಕೂ, ಗೆಜೆಟ್‌ನಲ್ಲಿ ಹೆಸರು ಅಚ್ಚಾಗಿ ಒಂದು ಪ್ರಾಣಿ ಕಾನೂನಿನ ರಕ್ಷಣೆಯನ್ನೇ ಕಳೆದುಕೊಳ್ಳುವುದಕ್ಕೂ ಅಂತರವಿದೆ.

ಪಟ್ಟಿ ಬ್ರಿಟಿಷರ ಕಾಲದ್ದು. ಹುಲಿ, ಚಿರತೆ, ತೋಳಗಳನ್ನು ಕೊಂದು ತಂದವರಿಗೆ ಆಗ ಇನಾಮು ಸಿಗುತ್ತಿತ್ತು. ಇತಿಹಾಸಕಾರ ಮಹೇಶ್ ರಂಗರಾಜನ್ ಅವರ ಅಂದಾಜಿನಂತೆ 1875ರಿಂದ 1925ರವರೆಗಿನ ಐವತ್ತು ವರ್ಷಗಳಲ್ಲಿ 80,000ಕ್ಕೂ ಹೆಚ್ಚು ಹುಲಿ, 1,50,000ಕ್ಕೂ ಹೆಚ್ಚು ಚಿರತೆ ಮತ್ತು ಸುಮಾರು 2,00,000 ತೋಳಗಳು ಹತವಾದವು. ಅದೇ ಸರ್ಕಾರ 1879ರಲ್ಲಿ ಆನೆಯ ರಕ್ಷಣೆಗೆ ಪ್ರತ್ಯೇಕ ಕಾಯ್ದೆಯನ್ನೂ ತಂದಿತು. ಆನೆ ದಿಮ್ಮಿ ಎಳೆಯುತ್ತಿತ್ತು. ಹುಲಿ ಏನನ್ನೂ ಎಳೆಯುತ್ತಿರಲಿಲ್ಲ.

ಸ್ವಾತಂತ್ರ್ಯ ಬಂತು, 1952ರ ಹೊತ್ತಿಗೆ ಚೀತಾ ಅಳಿಯಿತು, 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು, 1991ರ ತಿದ್ದುಪಡಿಯಿಂದ ಪರವಾನಗಿ ಪಡೆದು ಬೇಟೆಯಾಡುವುದೂ ನಿಂತಿತು.

ಆದರೂ ಕಾಯ್ದೆಯಲ್ಲಿ ಎರಡು ಬಾಗಿಲುಗಳು ತೆರೆದೇ ಉಳಿದವು. ಮೊದಲನೆಯದು ಸೆಕ್ಷನ್ 11. ಮನುಷ್ಯರ ಜೀವಕ್ಕೆ ಅಪಾಯವಾದ ಅಥವಾ ಗುಣವಾಗದ ಕಾಯಿಲೆ ಬಿದ್ದ ಪ್ರಾಣಿಯನ್ನು ಕೊಲ್ಲಲು ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರು ಕಾರಣ ಬರೆದು ಆದೇಶ ನೀಡಬಹುದು. ಹೆಚ್ಚಿನ ರಕ್ಷಣೆಯಿಲ್ಲದ ಪ್ರಾಣಿಗಳಾದರೆ ಬೆಳೆ ಹಾನಿಯೂ ಕಾರಣವಾಗಬಹುದು. ಎರಡನೆಯದು ಸೆಕ್ಷನ್ 62. ಇದು ಕೇಂದ್ರದ ಕೈಯಲ್ಲಿದೆ. ಇಂಥ ಪ್ರದೇಶದಲ್ಲಿ, ಇಷ್ಟು ಅವಧಿಗೆ ಈ ಪ್ರಾಣಿ ಪೀಡೆ ಎಂದು ಘೋಷಿಸಿದರೆ ಮುಗಿಯಿತು. ಅಲ್ಲಿ ಒಂದೊಂದು ಪ್ರಾಣಿಯ ವಿಚಾರಣೆ ಇಲ್ಲ. ಇಡೀ ಸಂಕುಲಕ್ಕೆ ಒಂದೇ ತೀರ್ಪು.

ಮೊದಲ ಬಾಗಿಲಿನ ಗದ್ದಲ ಎಲ್ಲರಿಗೂ ನೆನಪಿದೆ. ಹದಿಮೂರು ಜನರ ಸಾವಿಗೆ ಕಾರಣ ಎನ್ನಲಾದ, ಎರಡು ಮರಿಗಳಿದ್ದ ಅವನಿ ಎಂಬ ಹೆಣ್ಣು ಹುಲಿ 2018ರ ನವೆಂಬರ್ 2ರ ರಾತ್ರಿ ಮಹಾರಾಷ್ಟ್ರದ ಯವತ್ಮಾಳದಲ್ಲಿ ಗುಂಡಿಗೆ ಬಲಿಯಾಯಿತು. ಎರಡನೆಯ ಬಾಗಿಲಿನಲ್ಲಿ ಸತ್ತವಕ್ಕೆ ಹೆಸರಿರಲಿಲ್ಲ.

2015ರ ಡಿಸೆಂಬರ್‌ನಲ್ಲಿ ಬಿಹಾರದ ಕೆಲವು ಜಿಲ್ಲೆಗಳಲ್ಲಿ ನೀಲಗಾಯ್ ಮತ್ತು ಕಾಡುಹಂದಿ ಒಂದು ವರ್ಷದ ಮಟ್ಟಿಗೆ ಪೀಡೆಗಳಾದವು. 2016ರ ಫೆಬ್ರುವರಿಯಲ್ಲಿ ಉತ್ತರಾಖಂಡದ ಕಾಡುಹಂದಿಯ ಸರದಿ, ಮೇ ತಿಂಗಳಲ್ಲಿ ಶಿಮ್ಲಾ ನಗರದ ಕೋತಿಯದ್ದು. ಜೂನ್‌ನಲ್ಲಿ ಬಿಹಾರದ ಮೊಕಾಮಾದಲ್ಲಿ ಗುಂಡಿನ ಸದ್ದು ಕೇಳಿತು. ಗಂಗೆಯ ದಕ್ಷಿಣಕ್ಕಿರುವ ಇಲ್ಲಿನ ತಗ್ಗುಭೂಮಿಯನ್ನು ‘ಟಾಲ್’ ಎನ್ನುತ್ತಾರೆ. ಮಳೆಗಾಲವಿಡೀ ನೀರಿನಡಿ ಇರುವ ಈ ಕಪ್ಪು ಮಣ್ಣಿನಲ್ಲಿ ನೀರಿಳಿದ ಮೇಲೆ ಮಸೂರ, ಕಡಲೆ ಬಿತ್ತುತ್ತಾರೆ. ಮರವಿಲ್ಲ, ಮರೆಯಿಲ್ಲ. ಹೈದರಾಬಾದಿನಿಂದ ಬಂದ ಬಂದೂಕುದಾರರಿಗೆ ಕುದುರೆಯಷ್ಟು ಎತ್ತರದ ಪ್ರಾಣಿಗಳು ದೂರದಿಂದಲೇ ಕಾಣುತ್ತಿದ್ದವು. ಕೆಲವೇ ದಿನಗಳಲ್ಲಿ 200ಕ್ಕೂ ಹೆಚ್ಚು ನೀಲಗಾಯ್ ನೆಲಕ್ಕುರುಳಿದವು.

ದೆಹಲಿಯಲ್ಲಿ ಕೇಂದ್ರ ಸಚಿವೆಯಾಗಿದ್ದ ಮೇನಕಾ ಗಾಂಧಿ ತಮ್ಮದೇ ಸರ್ಕಾರದ ಪರಿಸರ ಸಚಿವಾಲಯದ ಮೇಲೆ ಬಹಿರಂಗವಾಗಿ ಹರಿಹಾಯ್ದರು. ರಾಜ್ಯ ಕೇಳಿತು, ನಾವು ಕೊಟ್ಟೆವು ಎಂಬುದು ಸಚಿವಾಲಯದ ಉತ್ತರ. ರೈತರು ಕೇಳಿದರು, ನಾವು ಬರೆದೆವು ಎಂದಿತು ರಾಜ್ಯ. ಅಧಿಸೂಚನೆಗೆ ತಡೆ ನೀಡಲು ಸುಪ್ರೀಂ ಕೋರ್ಟ್ ಜೂನ್ 20ರಂದು ನಿರಾಕರಿಸಿ, ಅರ್ಜಿದಾರರು ಸರ್ಕಾರಕ್ಕೇ ಮನವಿ ಸಲ್ಲಿಸಲಿ ಎಂದಿತು. ಎಲ್ಲರ ಮಾತೂ ನಿಯಮದ ಪ್ರಕಾರ ಸರಿಯಾಗಿಯೇ ಇತ್ತು.

ರೈತರ ದೂರು ಸುಳ್ಳಲ್ಲ. ಒಂದು ಹಿಂಡು ಒಂದು ರಾತ್ರಿ ಮೇಯ್ದರೆ ಸಣ್ಣ ಹಿಡುವಳಿದಾರನ ವರ್ಷದ ದುಡಿಮೆ ಹೋಯಿತು. ಆದರೆ ಕೊಂದರೆ ಹಾವಳಿ ತಗ್ಗುತ್ತದೆಯೇ ಎನ್ನುವುದನ್ನು ಇಲ್ಲಿ ಯಾರೂ ನಿಂತು ನೋಡಿದಂತಿಲ್ಲ. ಹೆಣ್ಣು ಕಾಡುಹಂದಿ ಒಂದು ಸೂಲಿಗೆ ನಾಲ್ಕಾರು ಮರಿ ಹಾಕುತ್ತದೆ, ಆ ಮರಿಗಳೂ ಬೇಗ ಬೆದೆಗೆ ಬರುತ್ತವೆ. ಮೇವು ಇದ್ದಲ್ಲಿ ಖಾಲಿಯಾದ ಜಾಗ ತುಂಬಲು ತಡವಾಗುವುದಿಲ್ಲ. ಹಸುಗಳಿಗೆ ಕ್ಷಯ ಹರಡುತ್ತವೆಂದು ಬ್ರಿಟನ್ನಿನಲ್ಲಿ ಬ್ಯಾಜರ್ ಎಂಬ, ಬಿಲದಲ್ಲಿ ಗುಂಪಾಗಿ ಬಾಳುವ ಕಾಡುಪ್ರಾಣಿಗಳನ್ನು ಕೊಂದು, 1998ರಿಂದ 2005ರವರೆಗೆ ಪರಿಣಾಮವನ್ನು ಅಳೆದರು. ಕೊಂದ ಪ್ರದೇಶದ ಒಳಗೆ ರೋಗ ಇಳಿಯಿತು, ಅಂಚಿನಲ್ಲಿ ಏರಿತು. ಗುಂಪು ಚದುರಿ ಉಳಿದವು ಅಲೆಯತೊಡಗಿದ್ದವು. ಅಲ್ಲಿ ಅಳೆದು ನೋಡಿದ್ದರಿಂದಲೇ ಇದು ತಿಳಿಯಿತು.

ಕೇರಳದ ಕಥೆ ಬೇರೆ ದಾರಿ ಹಿಡಿಯಿತು. 2020ರ ಮೇ ತಿಂಗಳಲ್ಲಿ ಸ್ಫೋಟಕ ತುಂಬಿದ ಹಣ್ಣು ತಿಂದು ಬಾಯಿ ಛಿದ್ರವಾದ ಬಸುರಿ ಆನೆ ಪಾಲಕ್ಕಾಡ್ ಜಿಲ್ಲೆಯ ನದಿಯೊಂದರಲ್ಲಿ ಸೊಂಡಿಲು ಮುಳುಗಿಸಿಕೊಂಡು ನಿಂತೇ ಸತ್ತಿತು. ಅಂಥ ಸಿಡಿಮದ್ದು ಇಡುವುದು ಕಾಡುಹಂದಿಗೆ. ಹಂದಿಯನ್ನು ಪೀಡೆ ಎಂದು ಘೋಷಿಸಿ ಎಂಬ ಕೇರಳದ ಬೇಡಿಕೆಗೆ, ನಿಮ್ಮ ಪರಿಪಾಲಕರಿಗೇ ಸೆಕ್ಷನ್ 11ರ ಅಧಿಕಾರವಿದೆಯಲ್ಲ ಎಂದಿತು ಕೇಂದ್ರ. 2022ರಲ್ಲಿ ಕೇರಳ ಆ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳಿಗೆ ಇಳಿಸಿತು. ಬಿಹಾರವೂ ಮುಂದೆ ಪಂಚಾಯಿತಿಯ ಮುಖಿಯಾಗಳ ಕೈಗೆ ಅನುಮತಿ ಕೊಟ್ಟಿತು. 2022ರಲ್ಲೇ ಸಂಸತ್ತು, ಪ್ರಾಣಿಗಳನ್ನು ರಕ್ಷಣೆಯ ಮಟ್ಟಕ್ಕೆ ತಕ್ಕಂತೆ ವಿಂಗಡಿಸುವ ಕಾಯ್ದೆಯ ಪಟ್ಟಿಗಳನ್ನು, ಅಂದರೆ ಅನುಸೂಚಿಗಳನ್ನು, ಆರರಿಂದ ನಾಲ್ಕಕ್ಕೆ ಇಳಿಸಿ, ಕಾಗೆ, ಇಲಿ, ಬಾವಲಿಗಳಿದ್ದ ಹಳೆಯ ಪೀಡೆ ಪಟ್ಟಿಯನ್ನು ಕಿತ್ತುಹಾಕಿತು. ಪಟ್ಟಿ ಹೋಯಿತು, ಸೆಕ್ಷನ್ 62 ಉಳಿಯಿತು. ಎರಡನೆಯ ಅನುಸೂಚಿಯ ಯಾವ ಕಾಡುಪ್ರಾಣಿಯನ್ನಾದರೂ ಈಗ ಪೀಡೆ ಎನ್ನಬಹುದು.

ನಮ್ಮಲ್ಲಿ ಮಲೆನಾಡು, ಕರಾವಳಿಯ ರೈತರಿಗೆ ಬೆಳೆ ರಕ್ಷಣೆಗೆಂದು ಕೋವಿಯ ಪರವಾನಗಿ ಇದೆ. ಚುನಾವಣೆ ಬಂದಾಗಲೆಲ್ಲ ಅದನ್ನು ಠಾಣೆಗೆ ಒಪ್ಪಿಸಿ ರಸೀದಿ ಪಡೆಯಬೇಕು. ಕೋವಿ ಠಾಣೆಯಲ್ಲಿದ್ದರೂ ಬೇಲಿಯ ಕಂಡಿಯಲ್ಲಿ ಉರುಳು ಇರುತ್ತದೆ. ಬೈಕಿನ ಕ್ಲಚ್ ವೈರಿನ ಕುಣಿಕೆ, ಹಂದಿ ನುಗ್ಗುವ ಎತ್ತರಕ್ಕೆ ಕಟ್ಟಿದ್ದು. ಹಂದಿಯ ಜಾಡು ಹಿಡಿದು ಬಂದ ಚಿರತೆ ಅದರಲ್ಲಿ ಸಿಕ್ಕಿ, ಬಿಡಿಸಿಕೊಳ್ಳಲು ಎಳೆದಷ್ಟೂ ತಂತಿ ಸೊಂಟಕ್ಕೆ ಇಳಿಯುತ್ತದೆ. 2025ರ ಜೂನ್‌ನಲ್ಲಿ ಮಲೆ ಮಹದೇಶ್ವರ ಬೆಟ್ಟದ ಹೂಗ್ಯಂ ವಲಯದಲ್ಲಿ ವಿಷ ಹಾಕಿದ್ದ ಹಸುವಿನ ಕಳೇಬರ ತಿಂದು ತಾಯಿ ಹುಲಿಯೂ ನಾಲ್ಕು ಮರಿಗಳೂ ಸತ್ತವು. ಸರ್ಕಾರವೇ ಕೊಲ್ಲಲು ಬಿಟ್ಟರೆ ಇಂಥ ವಿಷಪ್ರಾಶನ ತಪ್ಪುತ್ತದೆ ಎಂದು ವಾದಿಸುವವರಿದ್ದಾರೆ. ಪರಿಹಾರದ ಹಣ ಹಸು ಸತ್ತ ವಾರದಲ್ಲೇ ಕೈಗೆ ಬಂದರೆ ವಿಷದ ಡಬ್ಬಿ ಮುಚ್ಚಿಯೇ ಇರುತ್ತಿತ್ತೇ ಎಂಬ ಪ್ರಶ್ನೆಯನ್ನು ಅವರು ಅಷ್ಟಾಗಿ ಕೇಳುವುದಿಲ್ಲ. ಆನೆ ಕಂದಕ, ಸೋಲಾರ್ ಬೇಲಿ, ಹಳೆಯ ರೈಲು ಕಂಬಿಗಳ ತಡೆಗೋಡೆ ಇವೆಲ್ಲ ನಿಧಾನ ಮತ್ತು ದುಬಾರಿ. ಅಧಿಸೂಚನೆಗೆ ಒಂದು ಹಾಳೆ ಸಾಕು.

ಸೆಕ್ಷನ್ 62 ಇರುವುದೇ ಒಂದು ವಾಕ್ಯದಷ್ಟು. ಪ್ರದೇಶ ಹೇಳಬೇಕು, ಅವಧಿ ಹೇಳಬೇಕು. ಘೋಷಿಸುವ ಮುನ್ನ ಪ್ರಾಣಿಗಳನ್ನು ಎಣಿಸಬೇಕೆಂದಾಗಲಿ, ಅವಧಿ ಮುಗಿದ ಮೇಲೆ ಉಳಿದ ಬೆಳೆಯ ಲೆಕ್ಕ ಕೊಡಬೇಕೆಂದಾಗಲಿ ಅದರಲ್ಲಿ ಎಲ್ಲೂ ಬರೆದಿಲ್ಲ.