ನಾಂತ್ ಶಾಸನ: ಅರಸ ಕೊಟ್ಟ ಅಭಯದ ಆಯುಷ್ಯ

ಫ್ರಾನ್ಸಿನ ದೊರೆ ನಾಲ್ಕನೆಯ ಹೆನ್ರಿ 1598ರ ಏಪ್ರಿಲ್‌ನಲ್ಲಿ ನಾಂತ್ ನಗರದಲ್ಲಿ ಹೊರಡಿಸಿದ ಶಾಸನವನ್ನು ಯುರೋಪಿನ ಧಾರ್ಮಿಕ ಸಹಿಷ್ಣುತೆಯ ಮೈಲಿಗಲ್ಲೆಂದು ಕರೆಯುವುದು ರೂಢಿ. ಅದರ ಕಲಮುಗಳನ್ನು ಓದುತ್ತ ಹೋದರೆ, ಹೊಡೆದಾಡಿ ದಣಿದ ಕಥೋಲಿಕ ಮತ್ತು ಪ್ರೊಟೆಸ್ಟೆಂಟ್ ಪಕ್ಷಗಳ ನಡುವಣ ಒಡಂಬಡಿಕೆಯೊಂದು ಕಾಣುತ್ತದೆ. ಒಡಂಬಡಿಕೆಯ ಹಿಂದೆ ಬಲವಿದ್ದಷ್ಟು ಕಾಲ ಅದು ಉಳಿಯಿತು; ಬಲ ಕುಂದಿದಂತೆ ಅಳಿಯಿತು.

ಜಗಳದ ಬೇರು ಹಳೆಯದು. 1534ರ ಅಕ್ಟೋಬರ್‌ನಲ್ಲಿ ಕಥೋಲಿಕರ ಬಲಿಪೂಜೆಯನ್ನು ಹಳಿಯುವ ಭಿತ್ತಿಪತ್ರಗಳು ಪ್ಯಾರಿಸ್ ಮೊದಲಾದ ಪಟ್ಟಣಗಳಲ್ಲಿ ಕಾಣಿಸಿಕೊಂಡಾಗ ದೊರೆ ಮೊದಲನೆಯ ಫ್ರಾನ್ಸಿಸ್ ಸುಧಾರಣಾವಾದಿಗಳ ಮೇಲೆ ಉಗ್ರ ಕ್ರಮಕ್ಕಿಳಿದನು. ಆಗ ದೇಶ ಬಿಟ್ಟವರಲ್ಲಿ ಒಬ್ಬನಾದ ಜಾನ್ ಕ್ಯಾಲ್ವಿನ್ ಮುಂದೆ ಜಿನೀವಾದಲ್ಲಿ ನೆಲೆ ನಿಂತು, ಅಲ್ಲಿಂದಲೇ ಫ್ರಾನ್ಸಿಗೆ ಬೋಧಕರನ್ನು ಕಳುಹಿಸತೊಡಗಿದನು. ಹ್ಯೂಗನಾಟರೆಂದು ಹೆಸರಾದ ಈ ಪ್ರೊಟೆಸ್ಟೆಂಟರು 1560ರ ಹೊತ್ತಿಗೆ ದೇಶದ ಜನಸಂಖ್ಯೆಯಲ್ಲಿ ಸುಮಾರು ಹತ್ತನೇ ಒಂದು ಭಾಗದಷ್ಟಿದ್ದರೆಂಬುದು ಇತಿಹಾಸಕಾರರ ಅಂದಾಜು. ಸಂಖ್ಯೆಗಿಂತ ಮುಖ್ಯವಾಗಿ, ಸೈನ್ಯ ಕಟ್ಟಬಲ್ಲ ಶ್ರೀಮಂತ ಮನೆತನಗಳು ಅವರ ಜೊತೆಗಿದ್ದವು. 1559ರಲ್ಲಿ ಎರಡನೆಯ ಹೆನ್ರಿ ಭರ್ಜಿಕಾಳಗದ ಪಂದ್ಯದಲ್ಲಾದ ಗಾಯದಿಂದ ಸತ್ತು ಸಿಂಹಾಸನ ಎಳೆಯರ ಪಾಲಾದಾಗ, ರಾಣಿತಾಯಿ ಕ್ಯಾಥರಿನ್ ದ ಮೆಡಿಚಿ ಎರಡೂ ಬಣಗಳನ್ನು ತೂಗಿಸಿ ನಡೆಸಲು ನೋಡಿದಳು. 1562ರ ಜನವರಿಯಲ್ಲಿ ಊರಾಚೆಯ ಪ್ರಾರ್ಥನೆಗೆ ಅನುಮತಿಯೂ ಸಿಕ್ಕಿತು. ಆದರೆ ಮಾರ್ಚ್ 1ರಂದು ವಾಸಿ ಎಂಬಲ್ಲಿ ಕೊಟ್ಟಿಗೆಯೊಂದರಲ್ಲಿ ಸೇರಿದ್ದ ಹ್ಯೂಗನಾಟರನ್ನು ಕಥೋಲಿಕ ಬಣದ ಮುಖಂಡನಾದ ಗೀಜ್ ಡ್ಯೂಕನ ಕಡೆಯವರು ಕೊಂದರು. ಅಲ್ಲಿಂದ 1598ರವರೆಗೆ ಎಂಟು ಯುದ್ಧಗಳು ನಡೆದವು.

ಈ ಯುದ್ಧಗಳ ನಡುವೆ ಒಪ್ಪಂದಗಳಿಗೇನೂ ಕೊರತೆಯಿರಲಿಲ್ಲ. ಪರಸ್ಪರ ನಂಬಿಕೆ ಮಾತ್ರ ಇರಲಿಲ್ಲ. 1572ರ ಆಗಸ್ಟ್‌ನಲ್ಲಿ ನವಾರ ಎಂಬ ಪುಟ್ಟ ರಾಜ್ಯದ ಪ್ರೊಟೆಸ್ಟೆಂಟ್ ಹೆನ್ರಿಗೂ ಫ್ರಾನ್ಸಿನ ರಾಜನ ತಂಗಿ ಮಾರ್ಗರೀತಳಿಗೂ ನಡೆದ ಮದುವೆ ರಾಜಿಯ ಗುರುತಾಗಬೇಕಿತ್ತು. ಅದಕ್ಕೆಂದು ಬಂದಿದ್ದ ಹ್ಯೂಗನಾಟ್ ನಾಯಕರನ್ನು ವಾರ ಕಳೆಯುವುದರೊಳಗೆ, ಸಂತ ಬಾರ್ತಲೋಮಿಯೊ ಹಬ್ಬದ ಆಗಸ್ಟ್ 24ರಂದು, ಪ್ಯಾರಿಸ್ಸಿನಲ್ಲೇ ಕೊಲ್ಲಲಾಯಿತು. ಕಗ್ಗೊಲೆ ಬೇರೆ ನಗರಗಳಿಗೂ ಹಬ್ಬಿ ಸಾವಿರಾರು ಜನ ಸತ್ತರು. ಅರಮನೆಯ ಮಾತಿಗಿಂತ ಕೈಯಲ್ಲಿರುವ ಕೋಟೆ ಲೇಸೆಂದು ಹ್ಯೂಗನಾಟರು ಆಮೇಲೆ ಎಣಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಆ ಮದುವಣಿಗನೇ 1589ರಲ್ಲಿ ನಾಲ್ಕನೆಯ ಹೆನ್ರಿಯಾದನು. ಪ್ಯಾರಿಸ್ ಬಗ್ಗದಿದ್ದಾಗ 1593ರಲ್ಲಿ ಕಥೋಲಿಕನಾದನು. ಅವನ ನಾಂತ್ ಶಾಸನ ಹ್ಯೂಗನಾಟರಿಗೆ ಸರ್ಕಾರಿ ಹುದ್ದೆ ಮತ್ತು ವಿದ್ಯಾಲಯಗಳ ಬಾಗಿಲು ತೆರೆದು, ಎರಡೂ ಮತದವರು ಕೂಡಿ ಕೂರುವ ನ್ಯಾಯಪೀಠಗಳಿಗೆ ಅವಕಾಶ ಕೊಟ್ಟಿತು. ಆದರೆ ಬಹಿರಂಗ ಪ್ರಾರ್ಥನೆ ಗೊತ್ತುಪಡಿಸಿದ ಸ್ಥಳಗಳಲ್ಲಷ್ಟೇ ನಡೆಯಬಹುದಿತ್ತು. ಪ್ಯಾರಿಸ್ಸಿನಲ್ಲಿ ಅದಕ್ಕೆ ಎಡೆಯಿರಲಿಲ್ಲ. ಕಥೋಲಿಕ ಪಾದ್ರಿಗಳಿಗೆ ಸಲ್ಲಬೇಕಾದ ದಶಾಂಶವೆಂಬ ತೆರಿಗೆಯನ್ನು ಹ್ಯೂಗನಾಟರೂ ತೆರಬೇಕಿತ್ತು. ನನ್ನ ದೃಷ್ಟಿಯಲ್ಲಿ ತಿರುಳಿರುವುದು 92 ಕಲಮುಗಳ ಮುಖ್ಯ ಶಾಸನದಲ್ಲಲ್ಲ, ಅದರ ಜೊತೆಗೆ ದೊರೆ ಬೇರೆಯಾಗಿ ಕೊಟ್ಟ ಆಶ್ವಾಸನೆಯಲ್ಲಿ: ಹ್ಯೂಗನಾಟರ ಕೈಯಲ್ಲಿದ್ದ ಕೋಟೆಪಟ್ಟಣಗಳು ಎಂಟು ವರ್ಷ ಅವರ ವಶದಲ್ಲೇ ಇರುವುವು, ಕಾವಲಿನ ಖರ್ಚಿಗೆ ಬೊಕ್ಕಸದಿಂದಲೇ ಹಣ ಬರುವುದು. ತನ್ನ ಮಾತನ್ನು ಪ್ರಜೆಗಳು ನಂಬಲೆಂದು ಅರಸನೇ ಅವರ ಸೈನಿಕರಿಗೆ ಸಂಬಳ ಕೊಡಬೇಕಾದ ವಿಚಿತ್ರ ಏರ್ಪಾಡು ಇದು.

ಆ ಅವಧಿ ಮುಂದೆ ವಿಸ್ತರಣೆಯಾಯಿತಾದರೂ, 1610ರಲ್ಲಿ ಹೆನ್ರಿ ಕೊಲೆಯಾದ ಬಳಿಕ ಪರಿಸ್ಥಿತಿ ಬದಲಾಯಿತು. ರಾಜ್ಯದೊಳಗಿನ ಈ ಇನ್ನೊಂದು ರಾಜ್ಯವನ್ನು ಹದಿಮೂರನೆಯ ಲೂಯಿಯ ಮಂತ್ರಿ ಕಾರ್ಡಿನಲ್ ರಿಶ್ಲೂ ಸಹಿಸಲಿಲ್ಲ. ಒಂದು ವರ್ಷಕ್ಕೂ ಮಿಕ್ಕ ಮುತ್ತಿಗೆಯಲ್ಲಿ ಹಸಿವಿನಿಂದ ಸೊರಗಿದ, ಹ್ಯೂಗನಾಟರ ವಶದಲ್ಲಿದ್ದ ಲಾ ರೋಶೆಲ್ ಬಂದರು 1628ರಲ್ಲಿ ಶರಣಾಯಿತು. ಮರುವರ್ಷದ ಅಲೆ ಒಪ್ಪಂದ ಪ್ರಾರ್ಥನೆಯ ಹಕ್ಕನ್ನು ಉಳಿಸಿ ಕೋಟೆಗಳನ್ನು ಕಿತ್ತುಕೊಂಡಿತು. ಇನ್ನು ಉಳಿದದ್ದು ದೊರೆಯ ಮರ್ಜಿ.

ಹದಿನಾಲ್ಕನೆಯ ಲೂಯಿ 1681ರಿಂದ ಪ್ರೊಟೆಸ್ಟೆಂಟರ ಮನೆಗಳಲ್ಲಿ ಸೈನಿಕರನ್ನು ಬಿಡಾರ ಹೂಡಿಸಿ ಮತಾಂತರಕ್ಕೆ ಬಲಾತ್ಕರಿಸಿದನು. 1685ರ ಅಕ್ಟೋಬರ್‌ನಲ್ಲಿ ಫಾಂಟೆನ್‌ಬ್ಲೋ ಶಾಸನದ ಮೂಲಕ ತನ್ನ ಅಜ್ಜನ ಶಾಸನವನ್ನೇ ರದ್ದುಮಾಡಿದನು. ಪ್ರೊಟೆಸ್ಟೆಂಟರಲ್ಲಿ ಬಹುಪಾಲು ಜನ ಕಥೋಲಿಕರಾಗಿಬಿಟ್ಟಿದ್ದಾರೆ, ಹಳೆಯ ಶಾಸನ ಇನ್ನು ಅನಗತ್ಯ ಎಂಬುದು ಅದರಲ್ಲಿ ಕೊಟ್ಟ ಕಾರಣ! ಮತ ಬಿಡದ ಬೋಧಕರು ಹದಿನೈದು ದಿನಗಳೊಳಗೆ ದೇಶ ತೊರೆಯಬೇಕಿತ್ತು. ಸಾಮಾನ್ಯರು ತೊರೆಯುವಂತಿರಲಿಲ್ಲ, ಸಿಕ್ಕಿಬಿದ್ದ ಗಂಡಸರಿಗೆ ಹಡಗಿನಲ್ಲಿ ಹುಟ್ಟುಹಾಕುವ ಶಿಕ್ಷೆ ಕಾದಿತ್ತು. ಹಾಗಿದ್ದೂ ಸುಮಾರು ಎರಡು ಲಕ್ಷ ಮಂದಿ ಹಾಲೆಂಡ್, ಇಂಗ್ಲೆಂಡ್, ಬ್ರಾಂಡೆನ್‌ಬರ್ಗ್ ಮುಂತಾದೆಡೆ ತಪ್ಪಿಸಿಕೊಂಡು ಹೋದರೆಂದು ಲೆಕ್ಕ ಹಾಕಲಾಗಿದೆ.

ಉಳಿದವರು ಕಾನೂನಿನ ಕಣ್ಣಿಗೆ ಇಲ್ಲವೇ ಇಲ್ಲದಂತಾದರು. ಪಾದ್ರಿಯ ಮುಂದೆ ಆಗದ ಮದುವೆ ಮದುವೆಯೇ ಅಲ್ಲ, ಅದರಿಂದ ಹುಟ್ಟಿದ ಮಕ್ಕಳಿಗೆ ವಾರಸುದಾರಿಕೆಯೂ ಇಲ್ಲ. ಹದಿನಾರನೆಯ ಲೂಯಿ 1787ರಲ್ಲಿ ಅವರ ಜನನ, ವಿವಾಹ, ಮರಣಗಳ ನೋಂದಣಿಗೆ ಒಪ್ಪಿದನಾದರೂ ಬಹಿರಂಗ ಪ್ರಾರ್ಥನೆಗೆ ಒಪ್ಪಲಿಲ್ಲ. ಧಾರ್ಮಿಕ ಅಭಿಪ್ರಾಯಕ್ಕಾಗಿ ಯಾರನ್ನೂ ಪೀಡಿಸಬಾರದೆಂಬ ಮಾತು ಎರಡು ವರ್ಷಗಳ ನಂತರ, ಕ್ರಾಂತಿಯ ಹಕ್ಕುಗಳ ಘೋಷಣೆಯ ಹತ್ತನೆಯ ಕಲಮಿನಲ್ಲಿ ಬಂತು. ಅದನ್ನು ಬರೆದದ್ದು ಅರಸನಲ್ಲ, ರಾಷ್ಟ್ರೀಯ ಸಭೆ.